ಸ್ವಾಗತಕ್ಕೆ ನಿಂತ ಮಾಸ್ತರ

ನನ್ನ ಮುಖ ನಗುವುದಕ್ಕೆ ಮಾಡಿದ್ದಲ್ಲ. ನಾನು ನಕ್ಕರೆ ಒಂದನೇ ಇಯತ್ತೆಯ ಮಕ್ಕಳು ಏನೋ ತಪ್ಪಾಯಿತೆಂದು ಕೈ ಚಾಚಿ ಛಡಿ ಏಟಿಗೆ ಸಿದ್ಧರಾಗುತ್ತಾರೆ. ಇಂಥ ಮುಖವನ್ನು ಗುಡಗೇರಿಯ ನಮ್ಮ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದವರ ಧೈರ್ಯ ದೊಡ್ಡದು.

ಎಂಬತ್ತರ ದಶಕದ ಮಾತು. ಇದ್ದವರು ಹದಿನಾಲ್ಕು ಮಂದಿ. ಅದರಲ್ಲಿ ಮೂವರಿಗೆ ಕಿವಿ ಕೇಳುತ್ತಿರಲಿಲ್ಲ. ಪ್ರತಿ ರವಿವಾರ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಪಾದ್ರಿಗಳು ಒಂದು ದಿನ, "ಹೊಸಬರು ಬರಲಿಲ್ಲಂದ್ರ ನನ್ನ ಇಲ್ಲಿಗೆ ತಿಂಗಳಿಗೊಮ್ಮೆ ಅಷ್ಟ ಕಳಸ್ತಾರಂತ್ರಿ" ಎಂದರು. ನಾವೆಲ್ಲ ಒಂದು ಕಡೆ ಸೇರುತ್ತಿದ್ದುದು ವಾರಕ್ಕೆ ಅದೊಂದೇ ಹೊತ್ತು. ಮಾಸ್ತರನಿಗೆ ಮಾತು ಬರುತ್ತದೆಂದು ಸ್ವಾಗತದ ಕೆಲಸ ನನಗೆ ಬಿತ್ತು.

ಸ್ವಾಗತ ಎಂಬುದನ್ನು ಬಿಡಿಸಿದರೆ ಸು, ಆಗತ. ಒಳ್ಳೆಯ ಬರವು ಎಂದರ್ಥ. ಬಂದವನು ಹೇಗೆ ಹೋಗುತ್ತಾನೆಂಬುದನ್ನು ವ್ಯಾಕರಣ ಹೇಳುವುದಿಲ್ಲ. ಮೊದಲ ರವಿವಾರವೇ ಚೀಲ ಹಿಡಿದ ಒಬ್ಬಾತ ಬಾಗಿಲಲ್ಲಿ ಇಣುಕಿದ. ಕೈ ಹಿಡಿದು ಒಳಗೆಳೆದೆ. ಹೆಸರು, ಊರು, ತಾಲೂಕು ಕೇಳಿದೆ. ಮುಂದಿನ ಸಾಲಿನಲ್ಲಿ ಕೂಡ್ರಿಸಿ ಹಾರ ಹಾಕಿದೆವು, ಅವನ ಕಡೆ ತಿರುಗಿ ಹಾಡಿದೆವು. ಎರಡನೇ ಹಾಡು ಮುಗಿದಾಗ ಆತ ಅಳುವ ದನಿಯಲ್ಲಿ, "ನಾ ಟೇಶನ್ನಿಗೆ ಹಾದಿ ಕೇಳಾಕ ಬಂದಿದ್ನಿರಿ. ಗಾಡಿ ಹೋತು" ಎಂದ.

ಮುಂದೆ ಮೂರು ವಾರ ಆ ಓಣಿಯಲ್ಲಿ ಅಪರಿಚಿತರು ಕಾಲಿಡಲಿಲ್ಲ.

ನಾಲ್ಕನೇ ವಾರ ನೆಗಡಿಯಾಗಿ ನಾನು ಒಳಗೇ ಕೂತಿದ್ದೆ. ಕುಬಿಹಾಳದಿಂದ ಬಂದು ನಮ್ಮೂರಲ್ಲಿ ತಂಗಿಯ ಮನೆ ಸೇರಿದ್ದ ಬಸವ್ವ ಎಂಬ ಮುದುಕಿ ಬಾಗಿಲ ಬಳಿ ನಿಂತಳು. ನಾನು ಏಳಬೇಕು ಎನ್ನುವಷ್ಟರಲ್ಲಿ ನನ್ನ ಹೆಂಡತಿ ಶಾಂತವ್ವ ತೊಡೆ ಚಿವುಟಿದಳು. ಆಮೇಲೆ ಚಾಪೆಯ ಮೇಲೆ ತುಸು ಸರಿದಳು, ಅಷ್ಟೇ. ಬಸವ್ವ ಬಂದು ಆ ಜಾಗದಲ್ಲಿ ಕೂತಳು, ಮುಗಿದ ಮೇಲೆ ಎದ್ದು ಹೋದಳು. ಮರುವಾರ ಮತ್ತೆ ಬಂದಳು, ಅದರ ಮರುವಾರ ತಂಗಿಯನ್ನೂ ಕರೆತಂದಳು.

ನನಗೆ ತಡೆಯಲಾಗಲಿಲ್ಲ. "ಯವ್ವಾ, ನಿನಗ ಇಲ್ಲಿ ಏನ್ ಹಿಡಿಸ್ತು?" ಎಂದೆ.

"ಮಗ ತೀರಿಕೊಂಡು ನಾಕ ತಿಂಗಳಾತ್ರಿ, ಮಾಸ್ತರ. ಎಲ್ಲಿ ಹ್ವಾದ್ರೂ ಹ್ಯಾಂಗಾತು, ಯಾವಾಗಾತು ಅಂತ ಕೇಳ್ತಾರ. ಈಕಿ ಏನೂ ಕೇಳಲಿಲ್ಲ. ಬಾಜೂಕ ಜಾಗಾ ಕೊಟ್ಲು."

ಬಸವ್ವ ತನ್ನ ಮನೆದೇವರನ್ನು ಬಿಡಲಿಲ್ಲ, ಬಿಡೆಂದು ಯಾರೂ ಹೇಳಲೂ ಇಲ್ಲ. ಅವಳ ಹಿಂದೆ ಓಣಿಯ ಇನ್ನೂ ನಾಲ್ಕು ಮಂದಿ ಬಂದರು. ಪಾದ್ರಿಗಳು ವಾರವಾರವೂ ಬರುತ್ತಲೇ ಇದ್ದರು.

ಎರಡು ತಿಂಗಳ ಮೇಲೆ ಒಂದು ರವಿವಾರ, ಹೊಸ ಹುಡುಗಿಯೊಬ್ಬಳು ಕೂಸನ್ನೆತ್ತಿಕೊಂಡು ಹೊಸ್ತಿಲಾಚೆ ಅನುಮಾನಿಸುತ್ತ ನಿಂತಿದ್ದಳು. ಹಳೆಯ ಚಟ, ಎದ್ದೆ. ಬಸವ್ವ ನನ್ನ ಧೋತರದ ಚುಂಗು ಹಿಡಿದೆಳೆದಳು.

"ಸುಮ್ಮ ಕೂಡ್ರಿ, ಮಾಸ್ತರ. ಬರಾಕಿ ಬರ್ತಾಳ."

ಹುಟ್ಟಿದಾಗಿನಿಂದ ಈ ಚರ್ಚಿನವನಾದ ನಾನು, ಮೊನ್ನೆ ಬಂದವಳ ಮಾತು ಕೇಳಿ ಕೂತೆ. ಹುಡುಗಿ ಒಳಗೆ ಬಂದಳು.