ಟೆಂಡರ್ ಸೋತ ರೈಲಿಗೆ ಆಯುಧಪೂಜೆ

ಮೊನ್ನೆ ನನ್ನ ಮೂಗಿನ ಎದುರೇ ನಿಂತಿದ್ದ ರೈಲು ತಪ್ಪಿಹೋಯಿತು. ಕಾರಣ ಕೇಳಿದರೆ ನೀವು ನಗುತ್ತೀರಿ. ನಾನು ಹಸಿರು ರೈಲಿಗೆ ಕಾಯುತ್ತಿದ್ದೆ. ನೀಲಿ ರೈಲೊಂದು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಹಸಿರು ಬಣ್ಣದ ಕಂಪನಿ ಈ ಲೈನನ್ನು ಕಳೆದುಕೊಂಡಿದೆ, ಹೊಸ ಕಂಪನಿಯವರು ಅದೇ ರೈಲಿಗೆ ನೀಲಿ ಬಳಿದು ಓಡಿಸುತ್ತಿದ್ದಾರೆಂಬುದು ಮಂಡೆಗೆ ಹೊಳೆದದ್ದು ಆಮೇಲೆ. ಕಳೆದುಕೊಂಡ ಕಂಪನಿಯಲ್ಲಿ ಕೂಲಿ ಮಾಡಿದವನೇ ಇದನ್ನು ಮರೆತರೆ ಏನು ಹೇಳೋಣ!

ಈ ಪರದೇಶದ ಮಾಸ್ಟ್ರಿಕ್ಟ್ ಊರಿನಲ್ಲಿ ಓದು ಮುಗಿಸಿದ ಮೇಲೆ ನನಗೆ ಸಿಕ್ಕಿದ್ದ ಉದ್ಯೋಗವೇ ವಿಚಿತ್ರ. ರೈಲು ಯಾಕೆ ತಡ ಎಂದು ನಿಲ್ದಾಣದ ಫಲಕಗಳಲ್ಲಿ ಪ್ರಯಾಣಿಕರಿಗೆ ತಿಳಿಸಬೇಕು. ಹಳಿಯ ಮೇಲೆ ಎಲೆ ಬಿದ್ದಿದೆ, ಹಳಿಯ ಮೇಲೆ ಹಂಸ ಕೂತಿದೆ, ಹಂಸ ಎದ್ದಿದೆ ಆದರೆ ಇನ್ನೂ ಯೋಚಿಸುತ್ತಿದೆ. ಇಂಥ ಕೆಲಸವನ್ನು ಊರಿನಲ್ಲಿ ಹೇಗೆ ವಿವರಿಸುವುದು? ನನ್ನ ಮಾವ ಅರಸೀಕೆರೆ ಕಡೆಯ ನಿವೃತ್ತ ಸ್ಟೇಷನ್ ಮಾಸ್ಟರ್. ಅವರು ವಿವರಣೆ ಕೇಳಲೇ ಇಲ್ಲ. "ಅಳಿಯಂದ್ರು ರೈಲ್ವೇಲಿದಾರೆ" ಎಂದು ನೆಂಟರಿಗೆಲ್ಲ ಹೇಳಿ ಮಗಳ ಮದುವೆ ಮುಗಿಸಿಬಿಟ್ಟರು. ರೈಲ್ವೆ ಎಂದರೆ ಸರ್ಕಾರ, ಸರ್ಕಾರ ಎಂದರೆ ಪರ್ಮನೆಂಟು.

ಪಾಪ, ಅವರು ನಮ್ಮ ಮನೆಗೆ ಬಂದಿದ್ದಾಗಲೇ ಆ ಸುದ್ದಿ ಬರಬೇಕೆ?

"ಮಾವ, ನಮ್ಮ ಕಂಪನಿ ಸೋತೋಯ್ತು."

"ಯಾವ ಮ್ಯಾಚಲ್ಲಿ?"

"ಮ್ಯಾಚಲ್ಲ, ಟೆಂಡರು. ಡಿಸೆಂಬರಿಂದ ಬೇರೆ ಕಂಪನಿಯವರು ಈ ಲೈನ್ ಓಡಿಸ್ತಾರೆ."

"ರೈಲ್ವೇನೂ ಸೋಲತ್ತೇನ್ರೀ? ಇದೇನು ಬಸ್ ಸ್ಟ್ಯಾಂಡಿನ ಸೈಕಲ್ ಸ್ಟ್ಯಾಂಡಾ, ಟೆಂಡರ್ ಕರಿಯಕ್ಕೆ?"

ಥೇಟ್ ಅದೇ ಎಂದೆ. ಇಲ್ಲಿ ಪ್ರಾಂತ್ಯದವರು ಟೆಂಡರ್ ಕರೆಯುತ್ತಾರೆ, ಗೆದ್ದವರು ಕೆಲವು ವರ್ಷ ರೈಲು ಓಡಿಸುತ್ತಾರೆ. ಚಾಲಕರು, ಟಿಕೆಟ್ ನೋಡುವವರು ರೈಲಿನ ಜೊತೆಗೇ ಹೊಸ ಕಂಪನಿಗೆ ಹೋಗುತ್ತಾರೆ. ಕಚೇರಿಯವರ ಗತಿ ಮಾತ್ರ ದೇವರೇ ಬಲ್ಲ. ನನ್ನ ವೀಸಾ ಬೇರೆ ಅದೇ ನೌಕರಿಗೆ ಗಂಟು ಬಿದ್ದಿತ್ತು. ನೌಕರಿ ಹೋದರೆ ಹೆಂಡತಿಯ ಜೊತೆ ಗಂಟುಮೂಟೆ ಕಟ್ಟಬೇಕು.

ಮಾವ ಕಾಫಿ ಲೋಟ ಕೆಳಗಿಟ್ಟರು. "ಅಳಿಯಂದ್ರೆ, ನಿಮ್ಮ ರೈಲಿಗೆ ಆಯುಧಪೂಜೆ ಮಾಡಿದ್ರಾ?"

"ಇಲ್ಲ."

"ಮತ್ತೆ!"

ಹಬ್ಬ ಎದುರಿಗೇ ಇತ್ತು. ಟಿಕೆಟ್ ನೋಡುವ ರಿಯಾಳಿಗೂ ಚಾಲಕ ಯೂಪ್‌ಗೂ ಪೂಜೆಯ ವಿಷಯ ಹೆದರುತ್ತಲೇ ಹೇಳಿದೆ. ಇಬ್ಬರೂ ಹಿಗ್ಗಿದರು. ಕೇಕ್ ಇದೆಯೇ ಎಂದಷ್ಟೇ ಕೇಳಿದರು.

ಲೈನಿನ ಕೊನೆಯ ನಿಲ್ದಾಣದಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಲ್ಲಿಗೆ ಮಾವ ಪಂಚೆಯ ಮೇಲೆ ನನ್ನ ಚಳಿಗಾಲದ ಕೋಟು ಹಾಕಿಕೊಂಡು, ಚೆಂಡುಹೂವು, ನಿಂಬೆಹಣ್ಣು, ದೊಡ್ಡದೊಂದು ಕುಂಬಳಕಾಯಿಯ ಸಮೇತ ಬಂದಿಳಿದರು. ಊದುಬತ್ತಿ ಹಚ್ಚುವ ಮೊದಲೇ ರಿಯಾ ಓಡಿ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಹೊಗೆ ನಿಷೇಧ. ಸರಿ, ಹಚ್ಚದ ಊದುಬತ್ತಿಯನ್ನೇ ಬೆಳಗಿದೆವು. ಇನ್ನು ನಿಂಬೆಹಣ್ಣು. ಪ್ಲಾಟ್‌ಫಾರ್ಮ್ ರೈಲಿಗೆ ಎಷ್ಟು ಒತ್ತಿಕೊಂಡಿತ್ತೆಂದರೆ ಚಕ್ರವೇ ಕಾಣದು. ಮಾವ ಬಗ್ಗಿ ಇಣುಕಿ, "ಚಕ್ರ ಎಲ್ರೀ ಇಟ್ಟಿದಾರೆ?" ಎಂದು ಗದರಿದರು. ಹಳಿಯ ಮೇಲೆ ಏನನ್ನೂ ಇಡಕೂಡದು ಎಂದು ಯೂಪ್ ಕೂಡ ತಲೆಯಾಡಿಸಿದ. ಆಮೇಲೆ ಅವನೇ ದಾರಿ ತೋರಿಸಿದ.

"ನಾನು ಬರದೆ ರೈಲು ಹೊರಡಲ್ಲ. ಸೈಕಲ್ ಇಲ್ಲದೆ ನಾನು ಬರಲ್ಲ."

ನಾನು ಅದನ್ನು ಕನ್ನಡಕ್ಕೆ ತಂದಾಗ ಮಾವ, "ನ್ಯಾಯವಾದ ಮಾತು" ಎಂದರು. ಯೂಪ್ ರೈಲಿನಲ್ಲೇ ತಂದಿದ್ದ ತುಕ್ಕು ಹಿಡಿದ ಸೈಕಲ್ಲಿಗೆ ಹಾರ ಬಿತ್ತು. ಎರಡೂ ಚಕ್ರದ ಕೆಳಗೆ ನಿಂಬೆಹಣ್ಣು. ಯೂಪ್ ಸಮವಸ್ತ್ರದ ಗುಂಡಿ ಹಾಕಿಕೊಂಡು ಗಂಭೀರವಾಗಿ ತುಳಿದ. ರಸ ಚಿರ್ ಎಂದು ಮಾವನ ಪಂಚೆಗೆ ಹಾರಿತು. ರೈಲಿನ ಮೂತಿಗೂ ಒಂದು ಕುಂಕುಮದ ಬೊಟ್ಟು ಇಟ್ಟು, ಮಾವ ಅದರ ಮುಂದೆ ಕುಂಬಳಕಾಯಿ ನಿವಾಳಿಸಿ, ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ರಿಯಾ ಗಬಕ್ಕನೆ ಕಸಿದುಕೊಂಡಳು.

"ಅಯ್ಯೋ, ಒಡೀತೀರಾ? ಒಳ್ಳೇ ಸೂಪ್ ಆಗತ್ತೆ!"

ಮರುದಿನ ಅದು ನಿಜಕ್ಕೂ ಸೂಪಾಗಿ ಕಚೇರಿಗೆ ಬಂತು. ಬೆಣ್ಣೆ ಹಾಕಿದ್ದಳು, ಘಮಘಮ. ಕಂಪನಿಗೆ ತಗುಲಿದ್ದ ದೃಷ್ಟಿಯನ್ನೆಲ್ಲ ಎಲ್ಲರೂ ಬ್ರೆಡ್ ಅದ್ದಿಕೊಂಡು ತಿಂದರು.

ಟೆಂಡರ್ ಏನೂ ವಾಪಸ್ ಬರಲಿಲ್ಲ. ಯಾರು ಯಾರು ಹೊಸ ಕಂಪನಿಗೆ ಎಂದು ತಿಳಿಯುವ ಹೊತ್ತಿಗೆ ಮಾವ ಊರಿಗೆ ಮರಳಿದ್ದರು. ಯೂಪ್‌ಗೆ ಆಯಿತು. ರಿಯಾಳಿಗೆ ಆಯಿತು. ಲೆಕ್ಕ ಬರೆಯುವವರಿಗೂ ಆಯಿತು. ನನಗಿಲ್ಲ. ಹಂಸದ ಸಮಾಚಾರವನ್ನು ಹೊಸ ಕಂಪನಿಯಲ್ಲಿ ಕಂಪ್ಯೂಟರೇ ಹೇಳುತ್ತದಂತೆ. ಮಾವನಿಗೆ ಫೋನ್ ಮಾಡಿದೆ.

"ಎಲ್ಲರಿಗೂ ಆಯ್ತು ಮಾವ, ನನಗೊಬ್ಬನಿಗೇ ಇಲ್ಲ."

ಅವರು ಮೆಲ್ಲಗೆ, "ಅಳಿಯಂದ್ರೆ, ನೀವೂ ಆ ಸೂಪ್ ಕುಡಿದ್ರಾ?"

"ಎಲ್ಲರೂ ಕುಡಿದ್ರಲ್ಲ ಮಾವ!"

"ಅವರಿಗೇನ್ರೀ ಗೊತ್ತು? ನೀವು ಗೊತ್ತಿದ್ದೂ ಕುಡಿದ್ರಲ್ಲ!"

ಎರಡನೇ ಬಟ್ಟಲೂ ಕುಡಿದಿದ್ದೆನೆಂದು ನಾನು ಹೇಳಲಿಲ್ಲ. ಅಳು ಬರುತ್ತಿದ್ದವನಿಗೆ ನಗು ಬಂದು, ಅವರೂ ನಕ್ಕು, ಕೊನೆಗೆ ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದೇವೆಂದೇ ತಿಳಿಯಲಿಲ್ಲ. ವೀಸಾ ಕೈಬಿಡುವ ಮೊದಲೇ ವೆಲ್ಡ್‌ಹೋವನ್‌ನ ಪಾರ್ಸೆಲ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ನಿಮ್ಮ ಪಾರ್ಸೆಲ್ ಯಾಕೆ ತಡ ಎಂದು ತಿಳಿಸುವ ಕೆಲಸ. ಹಣೆಬರಹ!

ಮೊನ್ನೆ ಆ ನೀಲಿ ರೈಲು ತಪ್ಪಿದ ಮೇಲೆ ಮುಂದಿನದನ್ನು ಹತ್ತಿದೆ, ಅದರಲ್ಲಿ ರಿಯಾ ಸಿಕ್ಕಳು. ಟಿಕೆಟ್ ನೋಡುವುದನ್ನು ಬಿಟ್ಟು ಪಕ್ಕದಲ್ಲೇ ಕೂತಳು.

"ಎಲ್ಲಿದ್ದೀಯ ಮಾರಾಯ? ಈ ವರ್ಷದ ಹಬ್ಬ ಯಾವತ್ತು ಅಂತ ಯೂಪ್ ದಿನಾ ಕೇಳ್ತಾನೆ. ಸೈಕಲ್ ತೊಳೆದು ಇಟ್ಟಿದ್ದಾನೆ."

"ನಾನೀಗ ನಿಮ್ಮ ಕಂಪನಿಯವನಲ್ಲ ರಿಯಾ."

"ಕಂಪನಿಯನ್ನ ಯಾರು ಕರೆದ್ರು?" ಎಂದು ಎದ್ದು ಹೋದಳು.

ನಿನ್ನೆ ಪಾರ್ಸೆಲ್ ಕಂಪನಿಯ ಸಾಹೇಬರ ಬಳಿ ಹೋಗಿ ರಜೆ ಕೇಳಿದೆ. ಯಾಕೆ ಎಂದರು. ರೈಲಿಗೆ ಪೂಜೆ ಮಾಡಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಿನ್ನದೊಂದು ರೈಲಿದೆಯಾ?"

"ಇದೆ," ಎಂದೆ.