ದೊಡ್ಡಪ್ಪನ ಮಾತಿಗೆ ದುಭಾಷಿ

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ತೆಗೆದು ಬಣ್ಣ ಹೊಡೆಯುವ ಒಂದು ಶೆಡ್ ಇದೆ. ಅದರ ಯಜಮಾನನ ತಮ್ಮನ ಮಗಳು ಶಾಲೆ ಮುಗಿಸಿದವಳೇ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ಅವಳು ಪುಟ್ಟಿ. ತಗ್ಗಿಗೆ ಮೆತ್ತುವ ಪುಟ್ಟಿಗೂ ಅದೇ ಹೆಸರಾದ್ದರಿಂದ, ಶೆಡ್ಡಿನಲ್ಲಿ ಯಾರಾದರೂ ಕೂಗಿದರೆ ಒಮ್ಮೆ ಡಬ್ಬ ಬರುತ್ತಿತ್ತು, ಒಮ್ಮೆ ಹುಡುಗಿ.

ಪುಟ್ಟಿ ಮೆತ್ತುವುದು, ಉಪ್ಪುಕಾಗದದಲ್ಲಿ ಉಜ್ಜುವುದು, ಬಿಸಿಲಿಗೆ ಮಾಸಿದ ಹಳೇ ಬಣ್ಣಕ್ಕೆ ಹೊಸದನ್ನು ಹೊಂದಿಸಿ ಬೆರೆಸುವುದು, ಎಲ್ಲ ಅವಳದೇ. ಸ್ಪ್ರೇ ಗನ್ ಮಾತ್ರ ದೊಡ್ಡಪ್ಪನ ಕೈ ಬಿಟ್ಟು ಹೋಗುತ್ತಿರಲಿಲ್ಲ. ಕೇಳಿದಾಗಲೆಲ್ಲ ಆಮೇಲೆ ನೋಡೋಣ ಎನ್ನುತ್ತಿದ್ದರು. ಆ ಆಮೇಲೆ ಬರಲೇ ಇಲ್ಲ.

ಹೊರದೇಶದ ಒಂದು ತರಬೇತಿ ಶಾಲೆ ವಾಹನಗಳಿಗೆ ಬಣ್ಣ ಹೊಡೆಯುವುದನ್ನೇ ಮೂರು ವರ್ಷ ಕಲಿಸುತ್ತದೆ, ಪರದೇಶದವರಿಗೂ ಕೆಲವು ಸೀಟುಗಳಿವೆ ಎಂದು ಗೊತ್ತಾದಾಗ ಅವಳು ಯಾರಿಗೂ ಹೇಳದೆ ಸಂಜೆ ತರಗತಿಗೆ ಸೇರಿ ಅಲ್ಲಿಯ ಭಾಷೆ ಕಲಿತಳು. ಪರೀಕ್ಷೆ ಪಾಸಾದ ಮೇಲೆ ಅಮ್ಮನಿಗೆ ಹೇಳಿದಳು. ಅಮ್ಮ ಭಾವನಿಗೆ ಹೇಳಿದಳು. ದೊಡ್ಡಪ್ಪ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. 

ಅರ್ಜಿ ಹೋಯಿತು. ಕೆಲಸ ಕೊಟ್ಟವರ ಜೊತೆ ನಾವೇ ಮಾತಾಡಬೇಕು, ವಿಡಿಯೋ ಕರೆ ಮಾಡುತ್ತೇವೆ, ದುಭಾಷಿಯನ್ನು ನಾವೇ ಕೂರಿಸುತ್ತೇವೆ ಎಂದು ಶಾಲೆಯಿಂದ ಉತ್ತರ ಬಂತು. ಅಲ್ಲಿಂದ ಪುಟ್ಟಿಗೆ ಅನ್ನ ರುಚಿಸಲಿಲ್ಲ. ದೊಡ್ಡಪ್ಪನ ಬಾಯಿ ಅವಳಿಗೆ ಗೊತ್ತು. ಗಿರಾಕಿಯ ಎದುರಿಗೇ 'ಈ ಗಾಡಿ ಗುಜರಿಗೆ ಹಾಕಿ' ಎಂದುಬಿಡುವ ಮನುಷ್ಯ. ಧೈರ್ಯ ಮಾಡಿ, ಸ್ವಲ್ಪ ಒಳ್ಳೇದು ಹೇಳಿ ಎಂದು ಕೇಳಿಕೊಂಡಳು.

"ಇರೋದು ಹೇಳ್ತೀನಿ," ಎಂದರು ದೊಡ್ಡಪ್ಪ.

ಕರೆಯ ದಿನ ಕಂಪ್ರೆಸರ್ ಆರಿಸಿ, ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಇಬ್ಬರೂ ಕೂತರು. ದೊಡ್ಡಪ್ಪ ತಿನ್ನರ್‌ನಲ್ಲಿ ಕೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಪರದೆಯ ಮೇಲೆ ಕನ್ನಡಕದ ಶಿಕ್ಷಕಿಯೊಬ್ಬರು ಕಾಣಿಸಿಕೊಂಡು ಕ್ಷಮೆ ಕೇಳಿದರು. ದುಭಾಷಿಗೆ ಹುಷಾರಿಲ್ಲವಂತೆ. ಅಡ್ಡಿಯಿಲ್ಲದಿದ್ದರೆ ನೀವೇ ಮಾತು ದಾಟಿಸಿ, ನಮ್ಮ ಭಾಷೆ ನಿಮಗೆಷ್ಟು ಬರುತ್ತದೆ ಎಂಬುದೂ ತಿಳಿದಂತಾಗುತ್ತದೆ ಎಂದರು. ಪುಟ್ಟಿ ಒಪ್ಪಿಕೊಂಡಳು. ತನ್ನ ಬಗ್ಗೆ ದೊಡ್ಡಪ್ಪ ಆಡುವುದನ್ನು ತಾನೇ ತನ್ನ ಬಾಯಲ್ಲಿ ಹೇಳಬೇಕು.

ಮೊದಲ ಪ್ರಶ್ನೆಗಳು ಸಲೀಸಾಗಿ ಸಾಗಿದವು. ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಬಣ್ಣ ಗುರುತಿಸುವ ಕಣ್ಣು ಚೆನ್ನಾಗಿದೆ, ಸಿಟ್ಟು ಮೂಗಿನ ಮೇಲೆ. ಸಿಟ್ಟನ್ನೂ ಬಿಡದೆ ದಾಟಿಸಿದಳು. ಆಮೇಲೆ ಶಿಕ್ಷಕಿ, ಇವಳು ಒಂದು ಗಾಡಿಗೆ ಮೊದಲಿಂದ ಕೊನೆಯವರೆಗೆ ಒಬ್ಬಳೇ ಬಣ್ಣ ಹೊಡೆದಿದ್ದಾಳೆಯೇ ಎಂದು ಕೇಳಿದರು.

"ಇಲ್ಲ," ಎಂದರು ದೊಡ್ಡಪ್ಪ. "ನಾನು ಗನ್ ಕೈಗೇ ಕೊಟ್ಟಿಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಲೇ ಪುಟ್ಟಿ ಅದನ್ನು ಹೇಳಿದಳು. ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಬಂತು. ದೊಡ್ಡಪ್ಪ ಪರದೆ ಬಿಟ್ಟು ಇವಳ ಕಡೆ ತಿರುಗಿದರು.

"ಕೊಟ್ಟಿದ್ರೆ ಕಲಿತುಬಿಡ್ತಿದ್ದೆ. ಕಲಿತೋಳು ನನ್ ಹತ್ರ ಯಾಕಿರ್ತೀಯ? ಅದಕ್ಕೇ ಕೊಡ್ಲಿಲ್ಲ. ಹೇಳು ಅವ್ರಿಗೆ."

 ಹೇಳಿದರೆ ದೊಡ್ಡಪ್ಪನ ಮಾನ ಹೋದೀತು, ಹೇಳದಿದ್ದರೆ ತನ್ನ ಕೈ ನಂಬದೆ ಕೊಟ್ಟಿಲ್ಲ ಎಂದಾಗಿ ಸೀಟು ಹೋದೀತು. ಬಣ್ಣ ದುಬಾರಿ, ಕೆಟ್ಟರೆ ನಷ್ಟ, ಅದಕ್ಕೇ ಕೊಡಲಿಲ್ಲ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಿಕ್ಷಕಿ ಪೆನ್ನು ಹಿಡಿದು ಕಾಯುತ್ತಿದ್ದರು. ದೊಡ್ಡಪ್ಪ ಮೊಣಕೈಯಿಂದ ಮೆಲ್ಲಗೆ ತಿವಿದರು. ಪದಕ್ಕೆ ಪದ ಹುಡುಕಿಕೊಂಡು, ಎರಡು ಕಡೆ ವ್ಯಾಕರಣ ತಪ್ಪು ಮಾಡಿಕೊಂಡು, ಅವರು ಹೇಳಿದ್ದನ್ನೇ ಹೇಳಿದಳು. ಶಿಕ್ಷಕಿ ನಗಲಿಲ್ಲ. ಹಾಗಿದ್ದರೆ ಈಗ ಕೊಡಲಿ, ಒಂದು ಬಾಗಿಲಿಗೆ ಬಣ್ಣ ಹೊಡೆಯುವ ವಿಡಿಯೋ ಕಳಿಸಿ, ವಾರದೊಳಗೆ ಎಂದು ಕರೆ ಮುಗಿಸಿದರು.

ಮರುದಿನ ದೊಡ್ಡಪ್ಪ ಗುಜರಿಯಿಂದ ಒಂದು ಬಾಗಿಲು ತಂದು ಸ್ಟ್ಯಾಂಡಿಗೆ ನಿಲ್ಲಿಸಿ, ಗನ್ ಅವಳ ಕೈಗಿತ್ತು, ಎದುರು ಅಂಗಡಿಯ ಕಟ್ಟೆಗೆ ಹೋಗಿ ಕೂತರು. ಒಳಗಿದ್ದರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಅವರೇ ಹೇಳಿದರು.  ಬಾಗಿಲ ಹಿಡಿಕೆಯ ಕೆಳಗೆ ಅವಳ ಗನ್ ಒಂದು ಕ್ಷಣ ಹೆಚ್ಚಾಗಿ ನಿಂತಿತು, ಬಣ್ಣ ಕಣ್ಣೀರಿನ ಹಾಗೆ ಇಳಿಯಿತು. ಉಜ್ಜಿ ತೆಗೆದು ಮತ್ತೆ ಹೊಡೆದಳು, ಮತ್ತೆ ಇಳಿಯಿತು. ಅಮ್ಮ ಬಂದು ಇಣುಕಿ ವಾಪಸಾದಳು. ಕೊಟ್ಟ ವಾರ ಮುಗಿಯುವ ಹೊತ್ತಿಗೆ ಬಾಗಿಲು ಒಪ್ಪವಾಯಿತು. ಕೆಳಗಿನ ಅಂಚಿನಲ್ಲಿ ಮಾತ್ರ ಬಣ್ಣ ತುಸು ತರಿತರಿಯಾಗಿತ್ತು. ಮತ್ತೊಮ್ಮೆ ಹೊಡೆಯಲು ಹೊತ್ತಿರಲಿಲ್ಲ. ವಿಡಿಯೋ ಹಾಗೇ ಕಳಿಸಿದಳು.

ಉತ್ತರ ಬರಲು ತಿಂಗಳು ದಾಟಿತು. ಫೋನ್ ಕಿಣಿ ಎಂದರೆ ಸಾಕು, ಮನೆಯಲ್ಲಿ ಮೂರು ತಲೆಗಳು ಏಳುತ್ತಿದ್ದವು. ಕೊನೆಗೆ ಬಂದಿದ್ದು ಅರ್ಧ ಸಿಹಿ. ಈ ಸಲದ ಸೀಟುಗಳು ತುಂಬಿವೆ, ಮುಂದಿನ ತಂಡಕ್ಕೆ ತೆಗೆದುಕೊಂಡಿದ್ದೇವೆ, ಅಷ್ಟರಲ್ಲಿ ಕೈ ಪಳಗಿಸಿಕೊಳ್ಳಿ.

ಆ ಬಿಡುವಿನಲ್ಲಿ ಗಿರಾಕಿಗಳ ಗಾಡಿಗೆ ಪುಟ್ಟಿಯೇ ಬಣ್ಣ ಹೊಡೆದಳು. ಹುಡುಗಿ ಕೈಗೆ ಕೊಟ್ಟಿದ್ದೀರಾ ಎಂದು ಇಬ್ಬರು ಜಗಳ ತೆಗೆದರು. ದೊಡ್ಡಪ್ಪ ಅವರ ಗಾಡಿ ವಾಪಸು ಕಳಿಸಿದರು. ವೀಸಾ ಕೈಗೆ ಬರುವವರೆಗೆ ಅವಳಿಗೆ ನೆಟ್ಟಗೆ ನಿದ್ದೆ ಹತ್ತಲಿಲ್ಲ. ಬಂದ ಮೇಲೆ, ಅಲ್ಲಿಯ ಗನ್ ಹೇಗಿರುತ್ತದೋ, ತನ್ನ ಭಾಷೆ ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದು ಇನ್ನೊಂದು ಚಿಂತೆ ಹತ್ತಿಕೊಂಡಿತು.

ಅವಳು ಹೋದ ಮೇಲೆ ಆ ಜಾಗಕ್ಕೆ ಒಬ್ಬರಾದ ಮೇಲೊಬ್ಬರಂತೆ ಇಬ್ಬರು ಬಂದರು, ದೊಡ್ಡಪ್ಪನ ಬಾಯಿಗೆ ಹೆದರಿ ಇಬ್ಬರೂ ಕಾಲ್ಕಿತ್ತರು. ಮೂರನೆಯವಳು ಇನ್ನೂ ಇದ್ದಾಳೆ. ಸೇರಿದ ವಾರವೇ ದೊಡ್ಡಪ್ಪ ಅವಳಿಗೆ ಗನ್ ಹಿಡಿಯುವುದನ್ನು ತೋರಿಸಿಕೊಟ್ಟರಂತೆ.