‘ನೋಡು’ ಅಂದ್ರ ಬರೇ ನೋಡಬೇಕು

ಹ್ವಾದ ವಾರ ನಾ ನಾಕ ಮದವಿ ಮುರಿಯೂದ್ರಾಗಿದ್ನಿ. ಅದೂ ಒಂದ ಗುಂಡಿ ಒತ್ತಲಾರದ!

(ನಂದ ಇನ್ನೂ ಆಗಿಲ್ಲ, ಖರೇ. ಆದ್ರ ಆ ಸಿಟ್ಟಿಗೆ ಮಾಡಿದ್ದಲ್ಲರಿ.)

ಬೈಲಹೊಂಗಲದಾಗ ಒಂದ ಅರಿವಿ ಅಂಗಡಿ ಮ್ಯಾಲ ನಮ್ಮ ಕಂಪ್ಯೂಟರ್ ಸೆಂಟರ್ ಐತಿ. ಎರಡ ಮಷಿನ್, ಊರೆಲ್ಲಾ ಕೇಳೂವಂಗ ಚೀರೂ ಒಂದ ಪ್ರಿಂಟರ್, ಒಬ್ಬ ಮಾಲಕರು, ಇಬ್ಬರ ನೌಕರರು. ಫಾರ್ಮ್ ಟೈಪ್ ಮಾಡಿ ಪಟ್ಟಿ ತಗಿಯಾಕಿ ರೆಹಾನಾ ಅಕ್ಕ. ನಾ ‘ಪ್ರೋಗ್ರಾಮರ್’. ಹಂಗಂತ ಬೋರ್ಡಿನ ಮ್ಯಾಲ ಬರದಾಂವ ಪೇಂಟರ್. ನಂಬಿದಾಂವ ನಾನೊಬ್ಬನ.

ಈ ಪ್ರೋಗ್ರಾಮರ್ ಸಾಹೇಬ್ರು ಒಂದ ಲೈಬ್ರರಿ ಬರದಾರ. ಪುಸ್ತಕದ್ದಲ್ಲರಿ. ದಿನಾ ಬೇಕಾಗೂ ನಲವತ್ತ ಕೆಲಸ ಮೊದಲ ಬರದ ಇಟ್ಟದ್ದು. ಒಂದೊಂದಕ್ಕ ಒಂದೊಂದ ಹೆಸರ. ಹೆಸರ ಹೊಡದ್ರ ಕೆಲಸ ಆತು. ಒಳಗ ಏನ ಬರದೈತಿ ಅಂತ ಯಾರೂ ತಗದ ನೋಡೂ ಜರೂರಿಲ್ಲ. ಲೈಬ್ರರಿ ಇರೂದ ಅದಕ್ಕ.

‘ನೋಡು_ಊರು’ ಅಂದ್ರ ಒಂದ ಊರಿನ ಫಾರ್ಮ್ ತೋರಸತೈತಿ. ‘ನೋಡು_ವಯಸ್ಸು’ ಅಂದ್ರ ವಯಸ್ಸಿನ ಪ್ರಕಾರ ತೋರಸತೈತಿ. ‘ನೋಡು_ಅರ್ಧ’ ಅಂದ್ರ ಅರ್ಧಾ ತುಂಬಿದ ಫಾರ್ಮ್ ತೋರಸತೈತಿ. ಎಷ್ಟ ಚೆಂದ ಹೆಸರ ಅಲ್ಲರಿ? ನನಗೂ ಹಂಗ ಅನಸಿತ್ತು.

ಆದ್ರ ಒಂದಿನ ಮಧ್ಯಾಹ್ನ ಮಷಿನ್ ತುಂಬ ಕಸ ಆಗಿತ್ತು. ಟೆಸ್ಟಿಂಗ್‌ಗಂತ ನಾನ ತುಂಬಿದ ಮದವಿ ಫಾರ್ಮ್. (ವರನ ಜಾಗಾದಾಗ ಹನ್ನೊಂದ ಸಲ ನನ್ನ ಹೆಸರ. ವಧುವಿನ ಜಾಗಾ ಹನ್ನೊಂದೂ ಸಲ ಖಾಲಿ.) ಅವನ್ನ ತಗಿಯಾಕ ‘ಅಳಸು’ ಅಂತ ಬ್ಯಾರೆ ಬರೀಬೇಕಿತ್ತು. ಯಾರ ಬರೀತಾರ್ರಿ? ಹೊಟ್ಟಿ ತುಂಬ ಊಟಾ ಆಗಿತ್ತು, ಫ್ಯಾನ್ ತಿರಗಾಕತ್ತಿತ್ತು. ‘ನೋಡು_ಅರ್ಧ’ ಒಳಗ ಎರಡ ಸಾಲ ತುರಕಿದ್ನಿ: ಮೊದಲ ತೋರಸು, ಆಮ್ಯಾಲ ಅಳಸು. ಹೆಸರ ಹಂಗ ಬಿಟ್ನಿ. ಯಾರಿಗೂ ಹೇಳಲಿಲ್ಲ.

ಅದಾಗಿ ಎರಡ ತಿಂಗಳಿಗೆ ಸಾಮೂಹಿಕ ವಿವಾಹದ ಕಮಿಟಿಯವ್ರು ಫಾರ್ಮಿನ ಕಟ್ಟ ತಂದ ಕೊಟ್ರು. ಅಕ್ಕ ಎಲ್ಲಾ ಟೈಪ್ ಮಾಡಿದ್ಲು. ಯಾವ್ಯಾವದ್ರಾಗ ಏನೇನ ಬಿಟ್ಟೈತಿ ನೋಡೂಣು ಅಂತ ‘ನೋಡು_ಅರ್ಧ’ ಹೊಡದ್ಲು. ಪಿನ್‌ಕೋಡ್ ಇಲ್ಲದ ನಾಕ ಜೋಡಿ ಬಂದ್ವು. ಚೀಟ್ಯಾಗ ಬರಕೊಂಡ್ಲು. ಪಿನ್‌ಕೋಡ್ ಆಮ್ಯಾಲ ಹಾಕಿದ್ರಾತು ಅಂತ ಪಟ್ಟಿ ಪ್ರಿಂಟ್ ತಗದ ಕಳಿಸಿದ್ಲು.

ಮದವಿಗೆ ಮೂರ ದಿನ ಇರೂ ಮುಂದ ತೊರಗಲ್ಲಿಂದ ಒಂದ ಹುಡುಗಿ ಅಣ್ಣನ್ನ ಕರಕೊಂಡು ಧಡಾಧಡಾ ಮೆಟ್ಟಲಾ ಹತ್ತಿ ಬಂದ್ಲು.

“ಪಟ್ಟಿ ಮಾಡಿದಾವ್ರ ಯಾರ್ರಿ ಇಲ್ಲೆ?”

“ಯಾಕವಾ ತಂಗಿ?” ನಮ್ಮ ಮಾಲಕರು ಕೇಳಿದ್ರು.

“ಕಮಿಟಿಯವ್ರು ಹಚ್ಚಿದ ಪಟ್ಟ್ಯಾಗ ನನ್ನ ಹೆಸರಿಲ್ಲ. ಅಂವಂದೂ ಇಲ್ಲ. ಇಬ್ರೂ ಕೂಡಿ ಓಡಿಹೋಗ್ಯಾರ ಅಂತ ಊರ ತುಂಬ ಸುದ್ದಿ ಆಗೈತ್ರಿ! ಮೂರ ದಿನದಾಗ ಮದವಿ ಇಟಗೊಂಡು ನಾ ಯಾಕ ಓಡ್ಲಿ?”

ಪುಣ್ಯಾಕ್ಕ ಕಾಗದದ ಫಾರ್ಮ್ ಫೈಲಿನಾಗ ಇದ್ವು. ಅರ್ಧಾ ತಾಸಿನಾಗ ಹೊಸಾ ಪಟ್ಟಿ ತಯಾರಾತು. ಮಾಲಕರು ಕಮಿಟಿಗೆ ಫೋನ್ ಮಾಡಿ ನಾಕ ಸೀರಿ, ನಾಕ ತಾಳಿ ಹೆಚ್ಚಿಗಿ ಹೇಳಿದ್ರು. ಹುಡುಗಿ ಹೋದ್ಲು. ಮಾಲಕರು ಅಕ್ಕನ ಕಡೆ ತಿರಗಿದ್ರು.

“ನಾಕ ಮನಿ ಮರ್ಯಾದಿ ಕಳದ್ರಿ, ರೆಹಾನಾ ಅವರ.”

“ಸರ್, ನಾ ಅಳಸಿಲ್ರಿ. ಬರೇ ನೋಡೇನ್ರಿ.”

“ನೋಡಿದ್ರ ಅಳಸತಾವೇನ್ರಿ? ನಿಮ್ಮ ಕಣ್ಣಾಗ ರಬ್ಬರ್ ಐತೇನು? ನಾಳಿಂದ ಬರಬ್ಯಾಡ್ರಿ.”

ನನಗ ಆಗ ಹೊಳೀತು. ಎದ್ದ ನಿಂತ್ನಿ. ಕುಂತ್ನಿ. ಚಾ ಕುಡ್ಯಾಕ ಕೆಳಗ ಇಳದ್ನಿ, ಚಾ ಹೇಳಿ ಕುಡೀಲಾರದ ಮ್ಯಾಲ ಬಂದ್ನಿ. ಕಿಟಕಿ ತಗದ್ನಿ, ಹಾಕಿದ್ನಿ. ಪ್ರಿಂಟರಿನ ಧೂಳ ಒರಸಿದ್ನಿ. (ಅದನ್ನ ತಂದ ದಿನದಿಂದ ಯಾರೂ ಒರಸಿದ್ದಿಲ್ಲ.) ಹೇಳಿದ್ರ ನನ್ನ ನೌಕರಿ, ಹೇಳದಿದ್ರ ಅಕ್ಕಂದು. ಹಿಂತಾ ಲೆಕ್ಕ ಯಾವ ಲೈಬ್ರರಿ ಮಾಡಿ ಕೊಡತೈತ್ರಿ?

ಅಕ್ಕ ಟೇಬಲ್ಲಿನ ಖಾನಿ ಖಾಲಿ ಮಾಡಾಕತ್ತಿದ್ಲು. ಹಣಗಿ, ಟಿಫಿನ್ ಡಬ್ಬಿ, ಆ ನಾಕ ಹೆಸರಿನ ಚೀಟಿ. “ತಮ್ಮಾ,” ಅಂದ್ಲು ಸಣ್ಣ ಧ್ವನಿಲೆ, “ನೀನ ಅದಕ್ಕ ‘ನೋಡು’ ಅಂತ ಹೆಸರ ಇಟ್ಟಿಯಲ್ಲ? ನಾ ನೋಡೇನಿ. ಮತ್ತೇನ ಮಾಡಿದ್ನಿ ಹೇಳು?”

ಅಷ್ಟ. ಮಾಲಕರ ಮುಂದ ಹೋಗಿ ಎಲ್ಲಾ ಉಗಳಿದ್ನಿ. ಎರಡ ಸಾಲ, ಹನ್ನೊಂದ ಸಲ ನನ್ನ ಹೆಸರ, ಫ್ಯಾನ್ ಗಾಳಿ, ಎಲ್ಲಾ.

ಅವ್ರು ಹೊಸಾ ಪಟ್ಟಿ ನನ್ನ ಕೈಯಾಗ ಇಟ್ರು. ಆಮ್ಯಾಲ ಅಂದ್ರು, “ರೆಹಾನಾ ಅವರ, ನಿಮ್ಮ ಡಬ್ಬಿ ಒಳಗ ಇಡ್ರಿ. ನೀ ಈ ಪಟ್ಟಿ ತಗೊಂಡು ರಾಮದುರ್ಗದ ಬಸ್ ಹತ್ತು. ತೊರಗಲ್ಲಿಗೆ ಹೋಗಿ ನಿನ್ನ ಕೈಯಾರೆ ಹಚ್ಚಿ ಬಾ.”

ಹೋದ್ನಿ. ಗ್ವಾಡಿಗೆ ಅಂಟ ಬಡಿಯೂ ಮುಂದ ಒಬ್ಬ ಮುದುಕ ಕೇಳಿದ, “ಅಳಸಿದಾಂವ ನೀನ ಏನ ತಮ್ಮಾ?” ಹೂಂ ಅಂದ್ನಿ. ಪೇಸ್ಟ್ ಒಣಗೂ ತನಕ ಬಾಜೂಕ ನಿಂತ ನನ್ನ ಕಾವಲ ಕಾಯ್ದ.

ವಾಪಸ್ ಬರೂ ಬಸ್ಸಿನ ಬೋರ್ಡಿನ ಮ್ಯಾಲ ‘ತಡೆರಹಿತ’ ಅಂತಿತ್ತು. ಸವದತ್ತಿ ಮುಟ್ಟೂದ್ರಾಗ ಒಂಬತ್ತ ಕಡೆ ನಿಂತಿತು. ಯಾರೂ ಜಗಳಾ ತಗೀಲಿಲ್ಲ. ಯಾಕ? ಆ ಬೋರ್ಡ್ ದಿನಾ ಸುಳ್ಳ ಹೇಳತೈತಿ, ಮಂದಿಗೆ ರೂಢಿ ಆಗೈತಿ. ನಂದ ಹಂಗಲ್ಲ ನೋಡ್ರಿ. ಉಳದ ‘ನೋಡು’ ಎಲ್ಲಾ ಖರೇನ ಬರೇ ತೋರಸತಿದ್ವು. ಅದಕ್ಕ ಅಕ್ಕನ ಕೈ ಅಂಜಲಿಲ್ಲ. ಪೂರಾ ಸುಳ್ಳುಗಾರನಕಿಂತ ಅರ್ಧಾ ನಂಬಿಗಸ್ತ ಹೆಚ್ಚಿನ ಅಪಾಯ ಅಲ್ಲರಿ?

ನಾಕೂ ಮದವಿ ಆದ್ವು. ಮರದಿನ ಮುಂಜಾನೆ ಮೊದಲ ಆ ಎರಡ ಸಾಲ ಕಿತ್ತ ಒಗದ್ನಿ. ‘ಅಳಸು_ಅರ್ಧ’ ಅಂತ ಬ್ಯಾರೆ ಬರದ್ನಿ. ಅದು ಅಳಸೂಕಿಂತ ಮೊದಲ ಎರಡ ಸಲ ಕೇಳತೈತಿ. ಎದಿ ಉಬ್ಬಿಸಿ ಅಕ್ಕನ ಕಡೆ ಹೋದ್ನಿ.

ಅಕ್ಕ ಕೈಯಾಗ ಪೆನ್ಸಿಲ್ ಹಿಡದು ನನ್ನ ಲೈಬ್ರರಿ ಪ್ರಿಂಟ್ ತಗದು ಒಂದೊಂದ ಸಾಲ ಓದಾಕತ್ತಿದ್ಲು.

“ಅಕ್ಕಾ, ಸರಿ ಮಾಡೇನಲ್ಲ! ಇನ್ನ ಯಾಕ ಓದಾಕತ್ತಿ?”

ತಲಿ ಎತ್ತಲಿಲ್ಲ. “ಒಂದ ಸುಳ್ಳ ಸಿಕ್ಕೈತಿ ತಮ್ಮಾ. ಉಳದ ಮೂವತ್ತೊಂಬತ್ತರಾಗ ಎಷ್ಟ ಅದಾವು ಅಂತ, ನಿನಗರ ಗೊತ್ತೈತೇನು?”